ಕಲ್ಯಾಣದ ಮಲ್ಲರೂ ಅವರ ಪುಷ್ಟ್ಯಾಹಾರವೂ

ದೇಹದ ತೂಕವನ್ನೂ ಮಾಂಸಖಂಡಗಳನ್ನೂ ಬೆಳೆಸುವುದಕ್ಕಾಗಿ ನಿತ್ಯದ ಊಟದ ಮೇಲೆ ವಿಶೇಷವಾದ ಪುಷ್ಟಿದ್ರವ್ಯಗಳನ್ನು ಸೇವಿಸುವುದು ಈಚಿನ ಪದ್ಧತಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಡಬ್ಬಿಗಳಲ್ಲಿ ಮಾರಾಟವಾಗುವ ಪ್ರೋಟೀನ್ ಪುಡಿ ಈಚಿನದೇ ಸರಿ. ಆದರೆ ಅದರ ಹಿಂದಿರುವ ಪ್ರಶ್ನೆಗಳು ಹಳೆಯವು. ಕೃಶನು ಪುಷ್ಟನಾಗುವ ಬಗೆ ಯಾವುದು, ಬಲವನ್ನು ಬಯಸುವವನಿಗೆ ಏನನ್ನು ಉಣಿಸತಕ್ಕದ್ದು, ಆ ಊಟದ ವೆಚ್ಚವನ್ನು ಹೊರತಕ್ಕವರಾರು ಎಂಬ ಈ ಮೂರು ವಿಷಯಗಳನ್ನೂ ಕನ್ನಡ ನಾಡಿನ ರಾಜಧಾನಿಯೊಂದರಲ್ಲಿ ಎಂಟುನೂರು ವರ್ಷಗಳಿಗೂ ಹಿಂದೆಯೇ ಚರ್ಚಿಸಿರುವುದುಂಟು. ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೀದರ ಜಿಲ್ಲೆಯ ಮುಡಬಿಯು ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ ಊರು. ಉದ್ದು, ಹೆಸರು, ತೊಗರಿ, ಕಡಲೆಗಳೂ ಜೋಳವೂ ಬೆಳೆಯುವ ಸೀಮೆಯಿದು. ಇದರ ನೆರೆಯಲ್ಲಿರುವ ಕಲ್ಯಾಣವನ್ನು ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನಾಗಿ ಮಾಡಿಕೊಂಡನೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆತನು ಆಹವಮಲ್ಲ, ಆತನ ಮಗ ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ, ಮೊಮ್ಮಗ ಮೂರನೆಯ ಸೋಮೇಶ್ವರನು ಭೂಲೋಕಮಲ್ಲ. ಈ ಬಿರುದುಗಳಲ್ಲಿ ಮಲ್ಲಶಬ್ದಕ್ಕೆ ವೀರನೆಂಬುದೇ ಅರ್ಥವಾದ್ದರಿಂದ, ಇವುಗಳಿಂದ ಅರಸರು ಸ್ವತಃ ಕುಸ್ತಿಪಟುಗಳಾಗಿದ್ದರೆಂದು ಸಾಧಿಸಲು ಹೊರಡುವುದು ಯುಕ್ತವಲ್ಲ. ಮಲ್ಲವಿದ್ಯೆಗೆ ಇದಕ್ಕಿಂತ ದೃಢವಾದ ಆಧಾರವು ಬೇರೊಂದಿದೆ.

ಆ ಆಧಾರವೇ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಗ್ರಂಥದೊಳಗೆಯೇ ಶಕವರ್ಷ ೧೦೫೧ರ, ಎಂದರೆ ಕ್ರಿ. ಶ. ೧೧೨೯ರ, ಉಲ್ಲೇಖವಿರುವುದರಿಂದ ಕಾಲನಿರ್ಣಯಕ್ಕೆ ತೊಡಕಿಲ್ಲ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಒಟ್ಟು ನೂರು ವಿಷಯಗಳು ನಿರೂಪಿತವಾಗಿವೆ. ಶ್ರೀಗೋಂದೇಕರರು ಸಂಪಾದಿಸಿದ ಮುದ್ರಿತ ಪಾಠವು ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ೧೯೨೫ರಿಂದ ೧೯೬೧ರ ವರೆಗೆ ಮೂರು ಸಂಪುಟಗಳಾಗಿ ಹೊರಬಂದಿತು. ಮೂರನೆಯ ವಿಂಶತಿಯಲ್ಲಿ ಅರಸನ ಊಟದ ವಿಸ್ತಾರವಾದ ವರ್ಣನೆಯಿದೆ. ನಮಗೆ ಬೇಕಾದ ಮಲ್ಲವಿನೋದವಿರುವುದು ನಾಲ್ಕನೆಯದಾದ ವಿನೋದವಿಂಶತಿಯಲ್ಲಿ.

ಮಲ್ಲವಿನೋದದಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ ಇವುಗಳಿಗೆ ಅನುಸಾರವಾಗಿ ವಿಂಗಡಿಸಿದೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬವು ಅವರ ಅಂತಸ್ತುಗಳು. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿತಿಂಡಿಗಳು ಇವೆಲ್ಲವನ್ನೂ ಅವರಿಗೆ ಅರಸನೇ ಒದಗಿಸತಕ್ಕದ್ದು. ಇದರೊಡನೆ ಶ್ರಮಗಳೂ ವಿಹಿತವಾಗಿವೆ: ಭಾರವನ್ನು ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ. ಮಲ್ಲರು ಸ್ತ್ರೀಸಂಗದಿಂದ ದೂರವಿದ್ದು ದೇಹಸಾಧನೆಯಲ್ಲಿಯೇ ನಿರತರಾಗಿರಬೇಕೆಂಬುದೂ ನಿಯಮ. ಇಲ್ಲಿ ಲಕ್ಷಿಸಬೇಕಾದ ಅಂಶವೇನೆಂದರೆ, ಆಹಾರ, ಶ್ರಮ, ನಿಯಮ ಇವು ಮೂರೂ ಒಂದೇ ವಿಧಿಯ ಅಂಗಗಳು. ಉಳಿದೆರಡನ್ನು ಬಿಟ್ಟು ಆಹಾರವೊಂದನ್ನೇ ಬಲಕ್ಕೆ ಕಾರಣವೆನ್ನುವ ಅಭಿಪ್ರಾಯ ಗ್ರಂಥಕಾರನದಲ್ಲ.

ವೈದ್ಯಶಾಸ್ತ್ರದ ಮತವೂ ಇದಕ್ಕೆ ದೂರವಾದುದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ, ಅತಿಕೃಶ ಇಬ್ಬರೂ ನಿಂದಿತರ ಎಣಿಕೆಗೆ ಸೇರಿದ್ದಾರೆ. ಕೃಶನಿಗೆ ವಿಧಿಸಿದ ಬೃಂಹಣಕ್ರಮದಲ್ಲಿ ಹಾಲು, ತುಪ್ಪ, ಅಕ್ಕಿ, ಗೋದಿ, ಉದ್ದು, ಬೆಲ್ಲ, ಮಾಂಸಗಳ ಜತೆಗೆ ನಿದ್ರೆ, ಅಭ್ಯಂಗ, ಮನಸ್ಸಿನ ನಿಶ್ಚಿಂತೆ ಇವೂ ಉಕ್ತವಾಗಿವೆ. ಆದರೆ ತೂಕವೇ ಪುರುಷಾರ್ಥವೆಂದು ಚರಕನು ಭಾವಿಸಲಿಲ್ಲ. ಸ್ಥೌಲ್ಯ, ಕಾರ್ಶ್ಯ ಎರಡರಲ್ಲಿ ಕಾರ್ಶ್ಯವೇ ಮೇಲೆಂದೂ, ಮಾಂಸವು ಸಮಪ್ರಮಾಣದಲ್ಲಿ ಕೂಡಿದ ಗಟ್ಟಿಮುಟ್ಟಾದ ದೇಹವೇ ಪ್ರಶಸ್ತವೆಂದೂ ಅವನ ನಿರ್ಣಯ.

ಪುಷ್ಟಿಗೆ ಮಾಂಸವು ಅನಿವಾರ್ಯವೇ ಎಂಬ ವಿವಾದವೂ ನಮ್ಮಲ್ಲಿ ಹೊಸತಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ತನ್ನ ಕಲ್ಯಾಣಕಾರಕದ ಹಿತಾಹಿತಾಧ್ಯಾಯದಲ್ಲಿ ಮಾಂಸಭಕ್ಷಣವನ್ನು ಖಂಡಿಸಿದನು. ಹನ್ನೆರಡನೆಯ ಶತಮಾನದವನೆಂದು ಕವಿಚರಿತಕಾರರು ಹೇಳುವ ಜಗದ್ದಳ ಸೋಮನಾಥನು ಪೂಜ್ಯಪಾದನ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಿಂದ ಕನ್ನಡಿಸಿದನು. ಅದರ ಚಿಕಿತ್ಸೆಯಲ್ಲಿ ಮದ್ಯಮಾಂಸಗಳಿಗೆ ಎಡೆಯಿಲ್ಲ. ಈ ಗ್ರಂಥನಾಮಗಳಲ್ಲಿರುವ ಕಲ್ಯಾಣವು ಪಟ್ಟಣವಲ್ಲ, ಶ್ರೇಯಸ್ಸು. ಮಲ್ಲವಿನೋದದ ಮಾಂಸದೂಟವೂ ಜೈನವೈದ್ಯರ ನಿರಾಮಿಷಚಿಕಿತ್ಸೆಯೂ ಒಂದೇ ಶತಮಾನದಲ್ಲಿ ಜತೆಜತೆಯಾಗಿ ಇದ್ದುವೆಂಬುದು ಸ್ಮರಣೀಯ.

ಇನ್ನು ವೆಚ್ಚದ ವಿಚಾರ. ಪ್ರಾಚೀನ ಕರ್ಣಾಟಕದಲ್ಲಿ ಮನೆಮನೆಯಲ್ಲಿಯೂ ದೇಹಪುಷ್ಟಿಯಿತ್ತೆಂಬುದಕ್ಕೆ ಈ ಗ್ರಂಥವನ್ನು ಸಾಕ್ಷಿಯಾಗಿ ಹಿಡಿಯುವುದು ಅತಿವ್ಯಾಪ್ತಿಯಾದೀತು. ವಿನೋದವಿಂಶತಿಯಲ್ಲಿ ಮಲ್ಲರ ಜತೆಗೇ ಬರತಕ್ಕವು ಕೋಳಿಯ ಕಾಳಗ, ಟಗರಿನ ಕಾಳಗ, ಕೋಣದ ಕಾಳಗಗಳು. ಮಲ್ಲನನ್ನು ಪೋಷಿಸಿದ್ದು ಅವನ ಹಿತಕ್ಕಾಗಿಯಲ್ಲ, ನೋಡುವ ಅರಸನ ವಿನೋದಕ್ಕಾಗಿ. ಕಾಳನ್ನು ಬೆಳೆದ ಒಕ್ಕಲಿಗನ ಎಲೆಯಲ್ಲಿ ಎಷ್ಟು ಉಳಿಯುತ್ತಿತ್ತೆಂಬುದನ್ನು ಈ ಅಧ್ಯಾಯವು ತಿಳಿಸುವುದಿಲ್ಲ. ಮೂರು ನಾಲ್ಕು ದಶಕಗಳ ತರುವಾಯ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕ ದಾಸೋಹಗಳನ್ನು ಬೋಧಿಸಿದಾಗ, ದೇಹಕ್ಕೂ ಅನ್ನಕ್ಕೂ ಇದ್ದ ಸಂಬಂಧಕ್ಕೆ ಬೇರೊಂದು ಅರ್ಥವುಂಟಾಯಿತು: ದೇಹವು ದುಡಿಮೆಗೆ, ದುಡಿಮೆಯ ಫಲವು ಹಂಚಿ ಉಣ್ಣುವುದಕ್ಕೆ. ಒಂದೇ ಪಟ್ಟಣದಲ್ಲಿ ಹುಟ್ಟಿದ ಈ ಎರಡು ದೃಷ್ಟಿಗಳನ್ನು ಒತ್ತಟ್ಟಿಗಿಟ್ಟು ಓದಿದ ಹೊರತು ಮಲ್ಲವಿನೋದದ ಬೆಲೆಯೂ ಮಿತಿಯೂ ತಿಳಿಯಲಾರವು.

ರಾಜಾಶ್ರಯವು ಕುಗ್ಗಿದ ಮೇಲೆ ಈ ವೆಚ್ಚವು ಸಾಧಕನ ಮೇಲೆಯೇ ಬಿದ್ದಿತು. ಶಾಂತಲಾ, ರೂಪದರ್ಶಿ ಕಾದಂಬರಿಗಳ ಕರ್ತೃವಾದ ಕೆ. ವಿ. ಅಯ್ಯರ್ (೧೮೯೭–೧೯೮೦) ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ದೇಹಸಾಧನೆಯನ್ನು ಕಲಿಸಿದ್ದು ಈ ಹೊಸ ಕಾಲದ ಗುರುತು. ಈಗಲಾದರೋ ಸಾಧಕನು ಗಿರಾಕಿಯೂ ಆಗಿದ್ದಾನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿ, ಮಾಂಸಖಂಡಗಳನ್ನು ಬೆಳೆಸುವುದಕ್ಕೆಂದು ಪ್ರೋಟೀನ್ ಪುಡಿಗಳನ್ನು ಸೇವಿಸಕೂಡದೆಂದು ಹೇಳಿದೆ. ವಯಸ್ಕನಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ೦.೮೩ ಗ್ರಾಮ್ ಪ್ರೋಟೀನ್ ಸಾಕೆಂದು ೨೦೨೦ರ ಗಣನೆ. ಅರುವತ್ತು ಕಿಲೋ ತೂಗುವವನಿಗೆ ಅದು ಸುಮಾರು ೫೦ ಗ್ರಾಮ್ ಆಗುತ್ತದೆ. ನೂರು ಗ್ರಾಮ್ ಉದ್ದಿನಲ್ಲಿಯೇ ಇದರ ಅರ್ಧದಷ್ಟು ದೊರೆಯುತ್ತದೆ. ಧಾನ್ಯವೂ ಹಾಲೂ ಉಳಿದುದನ್ನು ತುಂಬಬಲ್ಲವು.

ಆದುದರಿಂದ, ಪ್ರಾಚೀನರೂ ಪುಷ್ಟಿದ್ರವ್ಯಗಳನ್ನು ಬಳಸುತ್ತಿದ್ದರೆಂದು ಹೇಳಿ ಮಾನಸೋಲ್ಲಾಸವನ್ನು ಪುಡಿಗಳ ಸಮರ್ಥನೆಗೆ ಎಳೆದು ತರುವುದು ಗ್ರಂಥಕ್ಕೆ ನ್ಯಾಯವಲ್ಲ. ಬೇಳೆ, ಹಾಲು, ಶ್ರಮ, ನಿಯಮ ಇವುಗಳ ಒಟ್ಟುಗೂಡುವಿಕೆಯನ್ನು ಅದು ವಿಧಿಸುತ್ತದೆ. ಅಂದು ಅರಸನ ಉಗ್ರಾಣದಿಂದ ಮಲ್ಲರಿಗೆ ಸಂದ ಬೇಳೆಕಾಳುಗಳು ಇಂದು ಮುಡಬಿಯ ಹೊಲಗಳಲ್ಲಿಯೂ ಬೆಳೆಯುತ್ತಿವೆ. ಅವು ಬೆಳೆದವನ ಮಕ್ಕಳ ಎಲೆಗೂ ಬೀಳುವುದು ಮಲ್ಲವಿನೋದವು ಕೇಳದೆ ಬಿಟ್ಟ ಪ್ರಶ್ನೆಗೆ ತಕ್ಕ ಉತ್ತರವಾದೀತು.