ಬೆಳ್ಳಿ ರೂಪಾಯಿ: ಕೊಂಡಿಯ ಗುರುತು

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಏಕರೂಪದ ಬೆಳ್ಳಿ ರೂಪಾಯಿಯನ್ನು ಜಾರಿಗೆ ತಂದಿತು. ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ ತೂಕದ ಈ ನಾಣ್ಯದಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿಯಿತ್ತು. ಆದುದರಿಂದ ಜನಪದರು ಅದನ್ನು ತೂಕದ ಬಟ್ಟಾಗಿಯೂ, ಕೊಂಡಿ ಬೆಸೆದು ಕೊರಳ ಸರವಾಗಿಯೂ ಬಳಸಿದರು. ಇಂತಹ ಒಡವೆಯೇ ಹೆಣ್ಣುಮಕ್ಕಳ ಆಪದ್ಧನವಾಗಿತ್ತು. 1876-78ರ ಧಾತು-ಈಶ್ವರ ಬರದಲ್ಲಿ ದಖ್ಖನ್ನಿನ ಬೆಳ್ಳಿ ಒಡವೆಗಳು ಹೇರಳವಾಗಿ ಮುಂಬಯಿ ಟಂಕಸಾಲೆಯನ್ನು ಸೇರಿದವು.

1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದು, 1947ರಲ್ಲಿ ನಿಕ್ಕಲ್ ಬಂದಿತು. ಕೋಟಿಗಟ್ಟಲೆ ಅಚ್ಚಾಗಿದ್ದ ವಿಕ್ಟೋರಿಯಾ, ಐದನೆಯ ಜಾರ್ಜ್ ರೂಪಾಯಿಗಳು ಇಂದಿಗೂ ಸಾಮಾನ್ಯ ಸಂಗ್ರಾಹಕರ ಕೈಗೆಟಕುತ್ತವೆ. ಕೊಂಡಿಯ ಕಲೆಯುಳ್ಳವು ಇನ್ನೂ ಅಗ್ಗ. ಕುಂದೆಂದೆಣಿಸಿ ಅವನ್ನು ಕರಗಿಸುವುದೂ ಉಂಟು. ಆದರೆ ಧರಿಸಿದವಳ ಬಾಳಿನ ಸಾಕ್ಷ್ಯವಿರುವುದು ಆ ಕಲೆಯಲ್ಲಿಯೇ. ಅದನ್ನು ಓದಬಲ್ಲವರಿಗೆ ಈ ಅಗ್ಗದ ನಾಣ್ಯವೇ ಸಂಗ್ರಹದ ಹಿರಿಯ ಸಂತೋಷ.