ಗಡಿಯಾರ ಮತ್ತು ತೊಟ್ಟಿಲು

ಒಂಬತ್ತು ತಿಂಗಳ ಮಗಳು ಹಗಲು ನಿದ್ದೆ ಬಿಟ್ಟಾಗ ನಾನು ಗಡಿಯಾರ ನೋಡುತ್ತ ಕೂತೆ. ಹತ್ತಕ್ಕೆ ಮಲಗಿಸಬೇಕು, ಎರಡಕ್ಕೆ ಮಲಗಿಸಬೇಕು. ಅವಳು ಅತ್ತಳು, ಕೊನೆಗೆ ನಾನೂ ಅತ್ತುಬಿಟ್ಟೆ.

ಈ ಗಡಿಯಾರ ತೊಟ್ಟಿಲ ಬಳಿಗೆ ಬಂದದ್ದು ಯಾವಾಗ ಎಂದು ಹುಡುಕಹೊರಟೆ. 1894ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಲೂಥರ್ ಎಮೆಟ್ ಹೋಲ್ಟ್ ತಾಯಂದಿರಿಗೂ ದಾದಿಯರಿಗೂ ಪ್ರಶ್ನೋತ್ತರ ರೂಪದ ಕೈಪಿಡಿ ಬರೆದರು. 1907ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಪ್ಲಂಕೆಟ್ ಸೊಸೈಟಿ ಕಟ್ಟಿದ ಟ್ರೂಬಿ ಕಿಂಗ್ ಹಾಲಿಗೂ ನಿದ್ದೆಗೂ ಹೊತ್ತು ಗೊತ್ತುಮಾಡಿದರು. ಅವರ ಕಳಕಳಿ ಸುಳ್ಳಲ್ಲ. ಕೆಟ್ಟ ಹಾಲು, ಭೇದಿಗಳಿಂದ ಕೂಸುಗಳು ಸಾಯುತ್ತಿದ್ದ ಕಾಲ ಅದು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಅತ್ತ ಮಗುವನ್ನು ಎತ್ತಿಕೊಳ್ಳುವುದೂ ತಪ್ಪೆನಿಸಿತು. 1928ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಮುದ್ದಿಸುವುದನ್ನೇ ಟೀಕಿಸಿದರು. 1946ರಲ್ಲಿ ಬೆಂಜಮಿನ್ ಸ್ಪಾಕ್ ಅವರ ಪುಸ್ತಕ ಬಂತು. ತಾಯಿಯ ತಿಳಿವಳಿಕೆಗೆ ಮತ್ತೆ ಬೆಲೆ ಬಂದು ಬಿಗಿ ಸಡಿಲವಾಯಿತು.

ನಮ್ಮಮ್ಮ ಇವರಾರನ್ನೂ ಓದಿದವಳಲ್ಲ. “ಗಡಿಯಾರ ಬಿಡೇ, ಮಗೂ ಕಣ್ಣು ನೋಡು” ಎಂದಳು. ಮಗು ಕಣ್ಣುಜ್ಜಿದೊಡನೆ ಕಿಟಕಿ ಮುಚ್ಚುವುದು, ದಿನವೂ ಅದೇ ತೊಟ್ಟಿಲು, ಅದೇ ಜೋಗುಳ. ಎರಡು ವಾರದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನಿದ್ದೆ ರೂಢಿಯಾಯಿತು.

ಆಮೇಲೊಮ್ಮೆ ಗಡಿಯಾರ ನೋಡಿದೆ: ಹೆಚ್ಚುಕಡಿಮೆ ಹತ್ತು, ಎರಡು. ಕಿಂಗ್ ಬಯಸಿದ ಕ್ರಮವೇ ಬಂದಿತ್ತು; ಬಂದ ದಾರಿ ಮಾತ್ರ ಅಮ್ಮನದು.