ಸುದ್ದಿಯ ಮೂಲ ಹುಡುಕುವ ಕಸುಬು

ಮುದ್ರಿತ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಅಚ್ಚಾದದ್ದು ಎಲ್ಲಿ ಎಂಬ ವಿವರ ಅದರಲ್ಲಿದೆ. ಭಾರತದಲ್ಲಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಸಾಲಿನ ಹಿಂದೆ ಇದ್ದದ್ದು 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ. ವಸಾಹತು ಸರ್ಕಾರಕ್ಕೆ ಬೇಕಾಗಿದ್ದದ್ದು ಪತ್ರಿಕೆಗಳ ಮೇಲೆ ಕಣ್ಣಿಡುವ ದಾರಿ. ಆದರೂ ಅದರಿಂದ ಓದುಗರಿಗೆ ದೊಡ್ಡ ಉಪಕಾರವಾಯಿತು. ಅಚ್ಚಾದದ್ದು ಸುಳ್ಳೆಂದು ಕಂಡರೆ ಕೇಳುವುದಕ್ಕೆ ಒಬ್ಬ ಮನುಷ್ಯನೂ ಒಂದು ವಿಳಾಸವೂ ಇದ್ದವು. ಅಂತರ್ಜಾಲದ ಸುದ್ದಿಯಿಂದ ಕಳಚಿಹೋದದ್ದು ಈ ಹೆಸರು ಮತ್ತು ವಿಳಾಸ. ನಂಬಬಹುದಾದ ಸುದ್ದಿಯ ಹುಡುಕಾಟವೆಲ್ಲ ಅವನ್ನು ಮತ್ತೆ ಕಂಡುಕೊಳ್ಳಲು ನಡೆದ ಪ್ರಯತ್ನ.

ಅಚ್ಚಿನ ಕಾಲದಲ್ಲಿ ಪರಿಶೀಲನೆ ಪತ್ರಿಕಾ ಕಚೇರಿಯ ಒಳಗೇ ನಡೆಯುತ್ತಿತ್ತು. ಅಮೆರಿಕದ ‘ಟೈಮ್’ ವಾರಪತ್ರಿಕೆ 1923ರಲ್ಲಿ ಆರಂಭವಾದಾಗ, ಲೇಖನಗಳಲ್ಲಿನ ಹೆಸರು, ತಾರೀಖು, ಅಂಕಿಗಳನ್ನು ತಾಳೆ ನೋಡುವ ಕೆಲಸ ನ್ಯಾನ್ಸಿ ಫೋರ್ಡ್ ಎಂಬ ಯುವತಿಗೆ ಬಂತು. ಆ ಪತ್ರಿಕೆಯಲ್ಲಿ ಬಹುಕಾಲ ಹೆಂಗಸರೇ ಮಾಡಿದ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಪ್ರಕಟವಾಗುವ ಮೊದಲೇ ತಾಳೆ ನೋಡುವುದು ಈ ಪದ್ಧತಿಯ ಜೀವಾಳ. ಜಾಲದಲ್ಲಿ ಅದು ತಲೆಕೆಳಗಾಯಿತು: ಮೊದಲು ಪ್ರಕಟಣೆ, ಪರಿಶೀಲನೆ ಆಮೇಲೆ, ಅದೂ ಬೇರೆಯವರಿಂದ.

ಆ ಬೇರೆಯವರಲ್ಲಿ ಮೊದಲಿಗರು ಪತ್ರಕರ್ತರಲ್ಲ. ಕ್ಯಾಲಿಫೋರ್ನಿಯದ ಡೇವಿಡ್ ಮತ್ತು ಬಾರ್ಬರಾ ಮಿಕೆಲ್ಸನ್ 1990ರ ದಶಕದ ನಡುವಿನಲ್ಲಿ ಕಟ್ಟಿದ ತಾಣ ಮುಂದೆ ‘ಸ್ನೋಪ್ಸ್’ ಎಂದು ಹೆಸರಾಯಿತು. ಅವರಿಗೆ ಆಸಕ್ತಿ ಇದ್ದದ್ದು ನಗರದ ಕಟ್ಟುಕತೆಗಳಲ್ಲಿ. ಒಂದು ಕತೆ ಎಲ್ಲಿ ಹುಟ್ಟಿತು, ಬಾಯಿಂದ ಬಾಯಿಗೆ ಹೋಗುತ್ತ ಹೇಗೆ ರೂಪ ಬದಲಿಸಿತು ಎಂದು ಜಾನಪದ ವಿದ್ವಾಂಸರ ಶ್ರದ್ಧೆಯಿಂದ ಬೆನ್ನುಹತ್ತುತ್ತಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಇಮೇಲ್‌ಗಳಲ್ಲಿ ವದಂತಿ ತುಂಬಿಕೊಂಡಾಗ, ನಿಜ ತಿಳಿಯಲು ಜನ ಬಂದದ್ದು ಇವರ ಬಳಿಗೆ. ರಾಜಕಾರಣಿಗಳ ಮಾತನ್ನು ತಾಳೆ ನೋಡುವ ‘ಫ್ಯಾಕ್ಟ್‌ಚೆಕ್’ 2003ರಲ್ಲೂ ‘ಪಾಲಿಟಿಫ್ಯಾಕ್ಟ್’ 2007ರಲ್ಲೂ ಬಂದವು.

ಅದೇ ದಾಳಿ ಇನ್ನೊಂದು ದಾರಿಯನ್ನೂ ತೆರೆಯಿತು. ಬೆಂಗಳೂರಿನಲ್ಲಿ ಶಾಲೆ ಕಲಿತು ಮದ್ರಾಸಿನ ಐಐಟಿಯಲ್ಲಿ ಓದಿದ ಕೃಷ್ಣ ಭರತ್ ಆಗ ಗೂಗಲ್‌ನಲ್ಲಿ ಸಂಶೋಧಕರು. ಒಂದೇ ಘಟನೆಯ ಬಗ್ಗೆ ಬೇರೆ ಬೇರೆ ಪತ್ರಿಕೆಗಳು ಏನು ಬರೆದಿವೆಯೆಂದು ತಿಳಿಯಲು ಒಂದೊಂದೇ ತಾಣಕ್ಕೆ ಹೋಗಬೇಕಾಗಿದ್ದ ಕಾಲ ಅದು. ಆ ವರದಿಗಳನ್ನೆಲ್ಲ ಒಂದೆಡೆ ಗುಂಪು ಮಾಡುವ ತಂತ್ರಾಂಶವನ್ನು ಅವರು ರೂಪಿಸಿದರು. 2002ರಲ್ಲಿ ಅದು ‘ಗೂಗಲ್ ನ್ಯೂಸ್’ ಆಗಿ ಸುಮಾರು 4,000 ಮೂಲಗಳೊಂದಿಗೆ ಸಾರ್ವಜನಿಕರಿಗೆ ಸಿಕ್ಕಿತು. ಹತ್ತು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಸೌಲಭ್ಯ ಅದಕ್ಕೆ ಮೊದಲು ಸಾಮಾನ್ಯ ಓದುಗರಿಗೆ ಇರಲಿಲ್ಲ. ಆದರೆ ಆ ಹತ್ತೂ ಪತ್ರಿಕೆಗಳು ಒಂದೇ ಸುದ್ದಿಸಂಸ್ಥೆಯ ವರದಿಯನ್ನು ಹಾಕಿಕೊಂಡಿದ್ದರೆ ಇರುವುದು ಒಂದೇ ಸಾಕ್ಷಿ, ಹತ್ತಲ್ಲ. ಇದನ್ನು ಗುರುತಿಸುವ ಹೊಣೆ ಓದುಗರ ಮೇಲೆಯೇ ಉಳಿಯಿತು.

ಕನ್ನಡಕ್ಕೆ ಇಂಥ ಅನುಕೂಲ ತಡವಾಗಿ ಬಂತು, ಅಡ್ಡಿಯಾದದ್ದು ಅಕ್ಷರ. ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ವನ್ನು ಜಾಲಕ್ಕೆ ತಂದರು. ಬರಬರುತ್ತ ದಿನಪತ್ರಿಕೆಗಳೂ ಬಂದವು. ಆದರೆ ಒಂದೊಂದು ತಾಣದ್ದೂ ಒಂದೊಂದು ಫಾಂಟು. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು, ಹಾಗಾಗಿ ಹುಡುಕಿದರೆ ಸಿಗುತ್ತಿರಲಿಲ್ಲ. ಒಂದು ಸುದ್ದಿ ಮೊದಲು ಎಲ್ಲಿ ಬಂತು, ಬೇರೆ ಪತ್ರಿಕೆ ಅದನ್ನೇ ಹೇಗೆ ಬರೆಯಿತು ಎಂದು ಕನ್ನಡದಲ್ಲೇ ತಿಳಿಯುವ ದಾರಿ ಮುಚ್ಚಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಪತ್ರಿಕೆಗಳು ಅದಕ್ಕೆ ಹೊರಳಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುವಿನ ವರ್ಷಗಳ ಎಷ್ಟೋ ಪುಟಗಳು ಹುಡುಕಾಟದ ಕೈಗೆ ಸಿಗದೆಯೇ ಹೋದವು. ಕನ್ನಡದ ಸುದ್ದಿಯ ನೆನಪಿಗೆ ಇದು ದೊಡ್ಡ ನಷ್ಟ.

ಮೂಲವಿಲ್ಲದ ಸುದ್ದಿ ಏನು ಮಾಡಬಲ್ಲದೆಂದು ಬೆಂಗಳೂರು 2012ರ ಆಗಸ್ಟಿನಲ್ಲಿ ಕಂಡಿತು. ಅಸ್ಸಾಮಿನ ಹಿಂಸಾಚಾರದ ಬೆನ್ನಲ್ಲೇ, ಈಶಾನ್ಯದವರ ಮೇಲೆ ಇಲ್ಲೂ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಜೊತೆಗೆ ಬೇರೆ ದೇಶದ, ಬೇರೆ ದುರಂತದ ಹಳೆಯ ಚಿತ್ರಗಳು. ಸಾವಿರಾರು ಜನ ಓದು, ಕೆಲಸ ಬಿಟ್ಟು ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಸಗಟು ಎಸ್ಸೆಮ್ಮೆಸ್ ತಡೆದು ಐದರ ಮಿತಿ ಹಾಕಿತು. ಚಿತ್ರವನ್ನೇ ಕೊಟ್ಟು ಅದರ ಹಿಂದಿನ ಪ್ರತಿಗಳನ್ನು ಹುಡುಕುವ ಉಪಕರಣ ಆಗಲೇ ಇತ್ತು: ‘ಟಿನ್ಐ’ 2008ರಲ್ಲೂ ಗೂಗಲ್‌ನ ಸೌಲಭ್ಯ 2011ರಲ್ಲೂ ಬಂದಿದ್ದವು. ಗಾಬರಿಯಾದವರ ಕೈಯಲ್ಲಿದ್ದ ಸಾದಾ ಫೋನುಗಳಿಗೆ ಅವು ತಲುಪಿರಲಿಲ್ಲ.

2018ರ ಹೊತ್ತಿಗೆ ಎಸ್ಸೆಮ್ಮೆಸ್‌ನ ಜಾಗಕ್ಕೆ ವಾಟ್ಸಾಪ್ ಬಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಆ ವರ್ಷ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಹರಡಿತು. ಪರಿಶೀಲಕರು ಮೂಲ ಹುಡುಕಿದಾಗ ಸಿಕ್ಕಿದ್ದು ಮಕ್ಕಳ ಸುರಕ್ಷತೆಯ ಬಗ್ಗೆ ಕರಾಚಿಯ ಸಂಸ್ಥೆಯೊಂದು ಮಾಡಿಸಿದ್ದ ಜಾಗೃತಿ ಚಿತ್ರ. ಮೂಲದಲ್ಲಿ ಆ ಇಬ್ಬರು ಹಿಂದಿರುಗಿ ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳನೆಂಬ ಶಂಕೆಯಿಂದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್, ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಾಕಲು ಆರಂಭಿಸಿ, ಭಾರತದಲ್ಲಿ ಒಮ್ಮೆಗೆ ಐದು ಕಡೆ ಮಾತ್ರ ಕಳಿಸಬಹುದೆಂಬ ಮಿತಿ ಪ್ರಕಟಿಸಿತು. ಸಂದೇಶ ಬೇರೆಡೆಯಿಂದ ಬಂದದ್ದು ಎಂಬುದನ್ನಷ್ಟೇ ಆ ಗುರುತು ಹೇಳುತ್ತದೆ, ಯಾರಿಂದ ಎಂಬುದನ್ನಲ್ಲ.

ಹೆಸರು ಕಳಚುವುದು ಒಂದು ಬಗೆಯಾದರೆ, ಇಲ್ಲದ ಹೆಸರನ್ನು ಅಂಟಿಸುವುದು ಇನ್ನೊಂದು. 2016ರ ಅಮೆರಿಕದ ಚುನಾವಣೆಗೆ ತುಸು ಮೊದಲು ‘ಡೆನ್ವರ್ ಗಾರ್ಡಿಯನ್’ ಎಂಬ ತಾಣದ ಸುಳ್ಳು ಸುದ್ದಿ ಲಕ್ಷಾಂತರ ಜನರನ್ನು ತಲುಪಿತು. ಆ ಹೆಸರಿನ ಪತ್ರಿಕೆಯೇ ಇರಲಿಲ್ಲ. ಅದು ಕೊಟ್ಟಿದ್ದ ವಿಳಾಸದಲ್ಲಿ ಇದ್ದದ್ದು ವಾಹನ ನಿಲ್ಲಿಸುವ ಜಾಗ. ತಾಣದ ಅಂದಚಂದ, ಅದು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು, ಎರಡರಿಂದಲೂ ಏನೂ ತಿಳಿಯದು ಎಂದಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. 10 ಇತಿಹಾಸಕಾರರು, 10 ವೃತ್ತಿಪರ ಪರಿಶೀಲಕರು, 25 ವಿದ್ಯಾರ್ಥಿಗಳಿಗೆ ಅವರು ಒಂದೇ ತಾಣಗಳನ್ನು ಕೊಟ್ಟು ಗಮನಿಸಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಪುಟದಲ್ಲೇ ಉಳಿದು ಮೇಲಿಂದ ಕೆಳಗೆ ಓದಿದರು, ಹಲವರು ಮೋಸಹೋದರು. ಪರಿಶೀಲಕರು ಪುಟವನ್ನು ಒಂದೆರಡು ಕ್ಷಣ ನೋಡಿ ಬಿಟ್ಟು, ಇದನ್ನು ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹೊಸ ಕಿಟಕಿಗಳಲ್ಲಿ ಹುಡುಕಿದರು. ಕಡಿಮೆ ಓದಿ, ಬೇಗ, ಸರಿಯಾದ ತೀರ್ಮಾನಕ್ಕೆ ಬಂದರು. ಸೂಕ್ಷ್ಮವಾಗಿ ಓದುವುದೇ ವಿದ್ಯೆಯೆಂದು ಕಲಿಸಿದ ಶಾಲೆಗಳಿಗೆ ಇದಕ್ಕಿಂತ ಮುಖ್ಯವಾದ ಪಾಠ ಈ ಇಡೀ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಅಷ್ಟರಲ್ಲಿ ಪರಿಶೀಲನೆ ಸ್ವತಂತ್ರ ಕಸುಬಾಗಿ ನೆಲೆನಿಂತಿತ್ತು. ಅಮೆರಿಕದ ಪಾಯಿಂಟರ್ ಸಂಸ್ಥೆ 2015ರಲ್ಲಿ ಪರಿಶೀಲಕರ ಅಂತರರಾಷ್ಟ್ರೀಯ ಜಾಲವನ್ನು ಕಟ್ಟಿತು. ಮರುವರ್ಷ ಬಂದ ಅದರ ನಿಯಮಾವಳಿ, ಪರಿಶೀಲಿಸುವವರೂ ತಮ್ಮ ಹಣದ ಮೂಲ, ವಿಧಾನ, ತಿದ್ದುಪಡಿಗಳನ್ನು ಬಹಿರಂಗವಾಗಿ ಹೇಳಬೇಕೆಂದಿತು. ಅಹಮದಾಬಾದಿನಲ್ಲಿ ಪ್ರತೀಕ್ ಸಿನ್ಹಾ ಮತ್ತು ಮೊಹಮ್ಮದ್ ಜುಬೇರ್ 2017ರಲ್ಲಿ ‘ಆಲ್ಟ್ ನ್ಯೂಸ್’ ಆರಂಭಿಸಿದರು. ಮುಂದೆ ‘ನ್ಯೂಸ್‌ಚೆಕರ್’, ‘ನ್ಯೂಸ್‌ಮೀಟರ್’ ಮುಂತಾದವು ಕನ್ನಡದಲ್ಲೂ ಬರೆಯತೊಡಗಿದವು.

ಯಂತ್ರವೇ ಚಿತ್ರ, ದನಿ ಹುಟ್ಟಿಸತೊಡಗಿದ ಮೇಲೆ ಹಳೆಯ ಉಪಕರಣಗಳ ಬಲ ಕುಗ್ಗಿದೆ. ಹೊಸದಾಗಿ ಸೃಷ್ಟಿಯಾದ ಚಿತ್ರಕ್ಕೆ ಹಿಂದಿನ ಪ್ರತಿಯೇ ಇಲ್ಲದಿರುವಾಗ ಹುಡುಕಿದರೆ ಸಿಗುವುದಾದರೂ ಏನು? 2024ರ ಲೋಕಸಭಾ ಚುನಾವಣೆಗೆ ಮುನ್ನ ಭಾರತದ ಪರಿಶೀಲನಾ ಸಂಸ್ಥೆಗಳ ಒಕ್ಕೂಟವೊಂದು ಇಂಥ ದನಿ, ವಿಡಿಯೋಗಳನ್ನು ಜನ ಕಳಿಸಿ ಕೇಳಲು ಒಂದು ವಾಟ್ಸಾಪ್ ಸಂಖ್ಯೆಯನ್ನು ತೆರೆಯಿತು. ಅದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಆರಂಭವಾಯಿತು. ಆ ನಾಲ್ಕರಲ್ಲಿ ಕನ್ನಡ ಇರಲಿಲ್ಲ.